ಡೇಟಾ ಏನಾದ್ರೂ ಇದೆಯಾ ಸರ್?

ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದ ಆಸುಪಾಸಿನ ಯಾವ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಾದರೂ ಅರ್ಧ ಗಂಟೆ ಕೂತರೆ ಈ ಪ್ರಶ್ನೆ ಕಿವಿಗೆ ಬೀಳುತ್ತದೆ. ಲ್ಯಾಪ್‌ಟಾಪನ್ನು ಕೌಂಟರಿನ ಮೇಲಿಟ್ಟವರು ‘ತುಂಬಾ ಸ್ಲೋ ಆಗಿದೆ’ ಅನ್ನುತ್ತಾರೆ. ಅಂಗಡಿಯ ಹುಡುಗ ಆನ್ ಮಾಡಿ, ಕಾದು ನೋಡಿ, ‘ಫಾರ್ಮ್ಯಾಟ್ ಹೊಡೀಬೇಕು’ ಅನ್ನುತ್ತಾನೆ. ಆಮೇಲೆ ಕೇಳುತ್ತಾನೆ: ‘ಡೇಟಾ ಏನಾದ್ರೂ ಇದೆಯಾ ಸರ್?’ ಬಂದವರ ಉತ್ತರವೂ ಸಿದ್ಧವಾಗಿರುತ್ತದೆ. ‘ಇಲ್ಲ, ಎಲ್ಲಾ ಡಿ ಡ್ರೈವ್‌ನಲ್ಲೇ ಇದೆ.’

ಆ ಉತ್ತರದಲ್ಲಿ ಅರ್ಧ ಮಾತ್ರ ನಿಜವಿರುತ್ತದೆ. ಸಿ ಡ್ರೈವ್ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿದರೂ ಡಿ ಡ್ರೈವ್ ಹಾಗೇ ಉಳಿಯುತ್ತದೆ ಎಂಬ ತಿಳಿವಳಿಕೆ ನಮ್ಮ ಜನರಲ್ಲಿ ಅನುಭವದಿಂದಲೇ ಬಂದದ್ದು. ಆದರೆ ಕಣ್ಣೆದುರಿಗೇ ಇರಲಿ ಎಂದು ಡೆಸ್ಕ್‌ಟಾಪ್ ಮೇಲೆ ಇಟ್ಟುಕೊಂಡ ಫೈಲುಗಳು ಇರುವುದು ಸಿ ಡ್ರೈವ್‌ನಲ್ಲಿ. ಡೌನ್‌ಲೋಡ್ ಮಾಡಿಕೊಂಡ ಪಹಣಿ, ಮಗಳ ಅಂಕಪಟ್ಟಿಯ ಸ್ಕ್ಯಾನ್, ಮೊಬೈಲಿನಿಂದ ಇಳಿಸಿದ ಮದುವೆಯ ಫೋಟೊಗಳು ಬಹುಪಾಲು ಅಲ್ಲೇ ಇರುತ್ತವೆ. ಅಂಗಡಿಯ ಲೆಕ್ಕ ಬರೆಯುವ ಟ್ಯಾಲಿ ಪ್ರೈಮ್ ಕೂಡ, ನಾವು ಬೇರೆ ಜಾಗ ತೋರಿಸದಿದ್ದರೆ, ತನ್ನ ಲೆಕ್ಕವನ್ನೆಲ್ಲ ಸಿ ಡ್ರೈವ್‌ನಲ್ಲೇ ಇಡುತ್ತದೆ. ಈಗಿನ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಎಷ್ಟೋ ಡಿ ಡ್ರೈವ್ ಇಲ್ಲದೆಯೇ ಬರುತ್ತವೆ. ಫಾರ್ಮ್ಯಾಟ್ ಮಾಡಿಸಿಕೊಂಡು ಮನೆಗೆ ಹೋದ ದಿನ ಯಂತ್ರ ಚುರುಕಾಗಿದೆ ಎಂಬ ಸಂತೋಷವಿರುತ್ತದೆ. ಏನು ಹೋಯಿತೆಂಬುದು ಗೊತ್ತಾಗುವುದು ಆಡಿಟರು ಹಿಂದಿನ ವರ್ಷದ ಬಿಲ್ ಕೇಳಿದಾಗ.

ಆಗ ಜನ ತಮ್ಮನ್ನೇ ಬೈದುಕೊಳ್ಳುತ್ತಾರೆ. ‘ನಮಗೆ ಇದೆಲ್ಲ ಎಲ್ಲಿ ಗೊತ್ತಾಗುತ್ತೆ’ ಅನ್ನುತ್ತಾರೆ. ನಿವೃತ್ತ ಮೇಷ್ಟ್ರು, ಸೊಸೈಟಿಯ ಕಾರ್ಯದರ್ಶಿ, ಮೂವತ್ತು ವರ್ಷ ಬ್ಯಾಂಕಿನಲ್ಲಿ ಲೆಕ್ಕ ನೋಡಿದವರು ಇದೇ ಮಾತು ಆಡುವುದನ್ನು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ತಪ್ಪು ಅವರದಲ್ಲ. ಉತ್ತರಿಸಲು ಬೇಕಾದ ಮಾಹಿತಿಯನ್ನೇ ಕೊಡದೆ ಪ್ರಶ್ನೆ ಕೇಳುವ ಪರದೆಯದು. ಆ ಪರದೆಯನ್ನು ಕೋಟ್ಯಂತರ ಮನೆಗಳಿಗೆ ಕಳಿಸಿದವರದು.

ಇದಕ್ಕೆ ದಾಖಲೆಯಾಗಿ ನಿಂತಿರುವ ಒಂದು ಘಟನೆ 2015ರದು. ಆ ವರ್ಷ ಜುಲೈ 29ರಂದು ವಿಂಡೋಸ್ 10 ಬಂತು. ವಿಂಡೋಸ್ 7 ಮತ್ತು 8.1 ಇದ್ದವರಿಗೆ ಒಂದು ವರ್ಷದವರೆಗೆ ಉಚಿತ ಎಂದು ಮೈಕ್ರೋಸಾಫ್ಟ್ ಘೋಷಿಸಿತು. ಪ್ರಪಂಚದಾದ್ಯಂತ ಜನ ಇನ್‌ಸ್ಟಾಲ್ ಮಾಡಲು ಕೂತರು. ಅವರಲ್ಲಿ ಎಷ್ಟೋ ಮಂದಿಗೆ ಪರದೆಯ ಮೇಲೆ ಒಂದು ಸಣ್ಣ ಚೌಕ ಕಾಣಿಸಿತು. ಅದರ ತಲೆಬರಹ ‘ಏನೋ ಆಯಿತು’ ಎಂದಿತ್ತು. ಕೆಳಗಿನ ವಿವರಣೆಯಲ್ಲೂ ‘ಏನೋ ಆಯಿತು’ ಎಂದಷ್ಟೇ ಇತ್ತು. ಏನು ಆಯಿತು, ಯಾಕೆ ಆಯಿತು, ಮುಂದೆ ಏನು ಮಾಡಬೇಕು ಎಂಬುದರ ಬಗ್ಗೆ ಒಂದಕ್ಷರವಿಲ್ಲ. ಕಂಪ್ಯೂಟರಿನ ಭಾಷೆಯನ್ನು ಅಮೆರಿಕದ ಇಂಗ್ಲಿಷಿಗೆ ಬದಲಾಯಿಸಿದರೆ ಕೆಲಸ ಮುಂದೆ ಹೋಗುತ್ತದೆ ಎಂಬುದನ್ನು ಕೊನೆಗೆ ಜನ ತಾವೇ ಹುಡುಕಿ ಒಬ್ಬರಿಗೊಬ್ಬರು ಹೇಳಿಕೊಂಡರು.

ಆರು ವರ್ಷಗಳ ನಂತರವೂ ಮೈಕ್ರೋಸಾಫ್ಟ್ ಪಾಠ ಕಲಿತಿರಲಿಲ್ಲ. 2021ರ ಜೂನ್ 24ರಂದು ವಿಂಡೋಸ್ 11 ಘೋಷಣೆಯಾದಾಗ, ನಿಮ್ಮ ಯಂತ್ರ ಅದಕ್ಕೆ ಒಗ್ಗುತ್ತದೆಯೋ ಇಲ್ಲವೋ ನೋಡಿಕೊಳ್ಳಿ ಎಂದು ಒಂದು ಪರೀಕ್ಷಾ ತಂತ್ರಾಂಶವನ್ನೂ ಕೊಟ್ಟರು. ಆಗಷ್ಟೇ ದುಡ್ಡು ಕೊಟ್ಟು ತಂದ ಯಂತ್ರಗಳಿಗೂ ಅದು ‘ಆಗುವುದಿಲ್ಲ’ ಎಂದು ಹೇಳಿತು. ಕಾರಣ ಹೇಳಲಿಲ್ಲ. ಟೀಕೆ ಎಷ್ಟು ಜೋರಾಯಿತೆಂದರೆ ಕೆಲವೇ ದಿನಗಳಲ್ಲಿ ಆ ತಂತ್ರಾಂಶವನ್ನೇ ಹಿಂದಕ್ಕೆ ಪಡೆಯಬೇಕಾಯಿತು. ಎಷ್ಟೋ ಯಂತ್ರಗಳಲ್ಲಿ ಬೇಕಾದ ಟಿಪಿಎಂ ಎಂಬ ಭದ್ರತಾ ಸೌಲಭ್ಯ ಇದ್ದೇ ಇತ್ತು. ಬಯಾಸ್‌ನಲ್ಲಿ ಅದು ಆಫ್ ಆಗಿತ್ತು, ಅಷ್ಟೇ. ಅದಕ್ಕೆ ಇಂಟೆಲ್ ಯಂತ್ರಗಳಲ್ಲಿ ಒಂದು ಹೆಸರು, ಎಎಂಡಿ ಯಂತ್ರಗಳಲ್ಲಿ ಇನ್ನೊಂದು. ಮಾಲೀಕನಿಗೆ ಒಂದೇ ಸಾಲಿನಲ್ಲಿ ಇದನ್ನು ತಿಳಿಸಬಹುದಿತ್ತು.

ಸ್ವತಃ ಇನ್‌ಸ್ಟಾಲ್ ಮಾಡಲು ಹೊರಟವರ ಪಾಡು ಈಗ ಹಿಂದಿಗಿಂತ ಸುಲಭವಾಗಿದೆಯೆಂದು ಹೇಳುವವರಿದ್ದಾರೆ. ಒಂದು ಅರ್ಥದಲ್ಲಿ ನಿಜ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ 25 ಅಕ್ಷರಗಳ ಕೀಲಿ ಟೈಪ್ ಮಾಡಬೇಕಿತ್ತು; ಮದರ್‌ಬೋರ್ಡಿನ ಜೊತೆ ಬಂದ ಡ್ರೈವರ್ ಸಿಡಿ ಕಳೆದುಹೋದರೆ ಸ್ಪೀಕರಿನಲ್ಲಿ ಸದ್ದಿಲ್ಲ, ಪರದೆಯ ಮೇಲೆ ಅಕ್ಷರಗಳೆಲ್ಲ ದಪ್ಪ ದಪ್ಪ. ಆ ಸಿಡಿಯನ್ನು ಬಟ್ಟೆಯ ಬೀರುವಿನಲ್ಲಿ ಮದುವೆಯ ಆಲ್ಬಮ್ಮಿನ ಜೊತೆ ಇಟ್ಟಿದ್ದ ಮನೆಗಳನ್ನು ನಾನು ಕಂಡಿದ್ದೇನೆ. ಇವತ್ತು ಸಿಡಿಯೂ ಇಲ್ಲ, ಸಿಡಿ ಹಾಕುವ ಜಾಗವೂ ಇಲ್ಲ. ಪೆನ್‌ಡ್ರೈವ್ ಒಂದಿದ್ದರೆ ಸಾಕು, ಬಹುಪಾಲು ಡ್ರೈವರುಗಳು ತಾವಾಗಿಯೇ ಬಂದು ಕೂರುತ್ತವೆ.

ಬಾರದೇ ಹೋದಾಗ ಮಾತ್ರ ದಾರಿಯೇ ಮುಚ್ಚಿಹೋಗುತ್ತದೆ. ಹನ್ನೊಂದನೇ ತಲೆಮಾರಿನ ಇಂಟೆಲ್ ಪ್ರೊಸೆಸರಿನಿಂದ ಈಚಿನ ಅನೇಕ ಲ್ಯಾಪ್‌ಟಾಪ್‌ಗಳಿಗೆ ಹೊಸದಾಗಿ ವಿಂಡೋಸ್ ಹಾಕಲು ಹೋದರೆ ‘ಯಾವ ಡ್ರೈವೂ ಸಿಗಲಿಲ್ಲ’ ಎಂಬ ಸಂದೇಶ ಬರುತ್ತದೆ. ಎಸ್‌ಎಸ್‌ಡಿ ಒಳಗೇ ಇದೆ, ಸರಿಯಾಗಿಯೇ ಇದೆ. ಅದನ್ನು ನಿರ್ವಹಿಸುವ ವಿಎಂಡಿ ಎಂಬ ವ್ಯವಸ್ಥೆಗೆ ಬೇಕಾದ ಡ್ರೈವರ್ ಇನ್‌ಸ್ಟಾಲ್ ಪೆನ್‌ಡ್ರೈವಿನಲ್ಲಿ ಇರುವುದಿಲ್ಲ, ಆದ್ದರಿಂದ ಸೆಟಪ್‌ಗೆ ಅದು ಕಾಣುವುದಿಲ್ಲ. ಆ ಡ್ರೈವರನ್ನು ಇನ್ನೊಂದು ಕಂಪ್ಯೂಟರಿನಿಂದ ಇಳಿಸಿ, ಬಿಡಿಸಿ, ಪೆನ್‌ಡ್ರೈವಿಗೆ ಹಾಕಿಕೊಂಡು ಬರಬೇಕು. ಮನೆಯಲ್ಲಿ ಇರುವುದೇ ಒಂದು ಕಂಪ್ಯೂಟರ್ ಆದರೆ? ಸಂದೇಶ ಓದಿದವರು ಡಿಸ್ಕ್ ಕೆಟ್ಟಿದೆ ಎಂದೇ ತಿಳಿಯುತ್ತಾರೆ. ಹಾಗೆ ತಿಳಿದು ಸರಿಯಿರುವ ಡಿಸ್ಕನ್ನು ಬಿಚ್ಚಿಸಿ ಹೊಸದು ಹಾಕಿಸಿದರೂ ಅದೇ ಸಂದೇಶ ಮತ್ತೆ ಎದುರಾಗುತ್ತದೆ.

ಅದನ್ನು ದಾಟಿದರೆ ನೆಟ್‌ವರ್ಕ್. ವಿಂಡೋಸ್ 11ರ ಸೆಟಪ್ ಇಂಟರ್ನೆಟ್ ಇಲ್ಲದೆ ಮುಂದೆ ಹೋಗಲು ಬಿಡುವುದಿಲ್ಲ. ವೈಫೈ ಚಿಪ್ಪಿನ ಡ್ರೈವರ್ ಅದರಲ್ಲಿ ಇಲ್ಲದಿದ್ದರೆ ವೈಫೈ ಕಾಣುವುದಿಲ್ಲ. ವೈಫೈ ಇಲ್ಲದೆ ಡ್ರೈವರ್ ಇಳಿಸಲು ಬರುವುದಿಲ್ಲ. ‘ನೆಕ್ಸ್ಟ್’ ಗುಂಡಿ ಬೂದು ಬಣ್ಣದಲ್ಲಿ ನಿಂತೇ ಇರುತ್ತದೆ. ಆಂಡ್ರಾಯ್ಡ್ ಫೋನನ್ನು ಕೇಬಲ್ಲಿನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ಸಾಮಾನ್ಯವಾಗಿ ಕೆಲಸ ಆಗುತ್ತದೆ. ಇದು ಅಂಗಡಿಯ ಹುಡುಗರಿಗೆಲ್ಲ ಗೊತ್ತು. ಪರದೆಯ ಮೇಲೆ ಮಾತ್ರ ಎಲ್ಲೂ ಬರೆದಿಲ್ಲ.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇಷ್ಟೆಲ್ಲ ಮುಗಿದ ಮೇಲೆ ಇನ್ನೊಂದು ಸುತ್ತಿನ ಕಷ್ಟ ಶುರುವಾಗುತ್ತದೆ. ಇದರ ಬಗ್ಗೆ ಹೊರಗಿನವರಿಗೆ ಗೊತ್ತಿರುವುದು ಕಡಿಮೆ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಶ್ರದ್ಧಾಂಜಲಿಯ ಬ್ಯಾನರು, ಸಹಕಾರ ಸಂಘದ ವಾರ್ಷಿಕ ವರದಿ, ಕವನ ಸಂಕಲನ ಎಲ್ಲವೂ ಹುಟ್ಟುವ ನಮ್ಮ ಡಿಟಿಪಿ ಅಂಗಡಿಗಳಲ್ಲಿ ಬಹಳ ಕಾಲ ನಡೆದದ್ದು ನುಡಿ, ಬರಹ, ಶ್ರೀಲಿಪಿಗಳ ರಾಜ್ಯ. ಬರಹ 1998ರಲ್ಲಿ ಬಂತು. ಕನ್ನಡ ಗಣಕ ಪರಿಷತ್ತಿನ (ಕಗಪ) ನುಡಿಯನ್ನು ರಾಜ್ಯ ಸರ್ಕಾರದ ಕಚೇರಿಗಳೂ ಒಪ್ಪಿಕೊಂಡವು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸ ಒಂದು ಇಡೀ ತಲೆಮಾರಿನ ಬೆರಳುಗಳಿಗೆ ಕನ್ನಡ ಕಲಿಸಿತು. ಈ ತಂತ್ರಾಂಶಗಳ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಅಕ್ಷರಭಾಗಗಳನ್ನು ಕೂರಿಸಿ ಕೆಲಸ ನಡೆಸುತ್ತಿದ್ದವು. ಫಾಂಟು ಯಂತ್ರದಲ್ಲಿ ಇರುವವರೆಗೆ ಅದು ಕನ್ನಡ. ಫಾರ್ಮ್ಯಾಟ್ ಹೊಡೆದ ದಿನ ಫಾಂಟು ಹೋಗುತ್ತದೆ. ಡಿ ಡ್ರೈವ್‌ನಲ್ಲಿ ಜೋಪಾನವಾಗಿ ಉಳಿದ ನೂರಾರು ಫೈಲುಗಳನ್ನು ತೆರೆದರೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಂತೆ. ಹಳೆಯ ಫಾಂಟನ್ನು ಹುಡುಕಿ ತಂದು ಹಾಕಿದರೆ ಕನ್ನಡ ಮರಳಿ ಬರುತ್ತದೆ. ಆದರೆ ಯಾವ ಫಾಂಟು ಎಂದು ಗೊತ್ತಿದ್ದ ಆಪರೇಟರ್ ಅಂಗಡಿ ಬಿಟ್ಟು ಹೋಗಿ ವರ್ಷಗಳಾಗಿರುತ್ತವೆ. ಡೇಟಾ ಉಳಿದಿದೆ, ಓದಲು ಬರುತ್ತಿಲ್ಲ ಎಂಬ ಈ ಸ್ಥಿತಿಯಲ್ಲಿ ಕರ್ನಾಟಕದ ಎಷ್ಟು ಪುಸ್ತಕಗಳ ಮೂಲಪ್ರತಿಗಳು ಇವತ್ತು ಕೂತಿವೆಯೋ ಎಂದು ಯೋಚಿಸಿದರೆ ಹೊಟ್ಟೆ ತೊಳಸುತ್ತದೆ.

ಯೂನಿಕೋಡ್ ಬಂದು ಇದನ್ನು ಬಗೆಹರಿಸಿತು ಎಂಬುದು ಮುಂದಿನ ಫೈಲುಗಳ ಮಟ್ಟಿಗೆ ಸರಿ. ಅಲ್ಲಿಯೂ ದಾರಿ ನೇರವಾಗಿರಲಿಲ್ಲ. ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಫಾಂಟಿನೊಂದಿಗೆ ಯೂನಿಕೋಡ್ ಕನ್ನಡ ಬಂದಾಗ ಅದು ತಾನಾಗಿ ಕಾಣುತ್ತಿರಲಿಲ್ಲ. ಕಂಟ್ರೋಲ್ ಪ್ಯಾನೆಲ್ಲಿನ ಒಳಹೊಕ್ಕು, ಸಂಕೀರ್ಣ ಲಿಪಿಗಳ ಬೆಂಬಲ ಬೇಕು ಎಂಬ ಚೌಕಕ್ಕೆ ಗುರುತು ಹಾಕಬೇಕಿತ್ತು. ಆಗ ಅದು ವಿಂಡೋಸಿನ ಸಿಡಿ ಕೇಳುತ್ತಿತ್ತು. ಸಿಡಿ ಇಲ್ಲದವರಿಗೆ ಕನ್ನಡವೂ ಇಲ್ಲ. ವಿಂಡೋಸ್ 10ಕ್ಕೆ ಬರುವ ಹೊತ್ತಿಗೆ ಕನ್ನಡಕ್ಕೆ ನಿರ್ಮಲಾ ಎಂಬ ಫಾಂಟು ಮುಖ್ಯವಾಗಿ, ತುಂಗಾ ಬೇಕಾದವರು ಹಾಕಿಕೊಳ್ಳಬಹುದಾದ ಪೂರಕ ಫಾಂಟುಗಳ ಗುಂಪಿಗೆ ಸರಿಯಿತು. ತುಂಗಾದಲ್ಲಿ ಪುಟ ಕಟ್ಟಿದ ಹಳೆಯ ವರದಿಯನ್ನು ಹೊಸ ಯಂತ್ರದಲ್ಲಿ ತೆರೆದರೆ ಸಾಲುಗಳು ಬೇರೆಡೆ ಮುರಿಯುತ್ತವೆ, ಪುಟಸಂಖ್ಯೆ ಬದಲಾಗುತ್ತದೆ, ಪರಿವಿಡಿ ಸುಳ್ಳಾಗುತ್ತದೆ.

ಇನ್ನು ಪುಟ ಕಟ್ಟುವ ತಂತ್ರಾಂಶ ಪೇಜ್‌ಮೇಕರ್. 2001ರಲ್ಲಿ ಬಂದ ಏಳನೇ ಆವೃತ್ತಿಯೇ ಅದರ ಕೊನೆಯದು. ಆದರೂ ನಮ್ಮ ಎಷ್ಟೋ ಡಿಟಿಪಿ ಅಂಗಡಿಗಳಲ್ಲಿ ಅನ್ನ ಹುಟ್ಟುವುದು ಅದರಿಂದ. ಹತ್ತಾರು ವರ್ಷಗಳ ಲಗ್ನಪತ್ರಿಕೆಗಳ ಮಾದರಿಗಳೆಲ್ಲ ಅದರ ಫೈಲುಗಳಾಗಿವೆ. ಹೆಸರು, ಮುಹೂರ್ತ, ಛತ್ರ ಬದಲಾಯಿಸಿದರೆ ಹತ್ತು ನಿಮಿಷದಲ್ಲಿ ಕಾರ್ಡು ಸಿದ್ಧ. ಅದಕ್ಕಾಗಿಯೇ ಒಂದು ಹಳೆಯ ಯಂತ್ರವನ್ನು ವಿಂಡೋಸ್ 7 ಅಥವಾ ಎಕ್ಸ್‌ಪಿಯಲ್ಲೇ ಉಳಿಸಿಕೊಂಡವರನ್ನು ಹಿಂದುಳಿದವರು ಎನ್ನುವುದು ಅನ್ಯಾಯ. ಅವರು ತಮ್ಮ ಕಸುಬನ್ನು ಬಲ್ಲವರು. ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿಯೇ ಇಲ್ಲ. ಆ ಕಾಲದ ಎಷ್ಟೋ ತಂತ್ರಾಂಶಗಳ ಸೆಟಪ್ ಫೈಲುಗಳು 16 ಬಿಟ್ಟಿನವು. ಅವು 64 ಬಿಟ್ ವಿಂಡೋಸಿನಲ್ಲಿ ಬಾಯಿಯೇ ಬಿಡುವುದಿಲ್ಲ. ‘ಅಪ್‌ಗ್ರೇಡ್ ಮಾಡ್ಕೊಳ್ಳಿ ಸರ್’ ಎಂಬ ಮೂರು ಮಾತಿನ ಸಲಹೆಯ ಹಿಂದೆ ಒಂದು ಅಂಗಡಿಯ ಇಡೀ ದುಡಿಮೆಯನ್ನು ಮತ್ತೆ ಟೈಪ್ ಮಾಡುವ ಕೆಲಸ ಇರುತ್ತದೆ.

ಇನ್‌ಸ್ಟಾಲ್ ಮಾಡುವ ಹೊತ್ತಿನ ಭಾಷೆಯ ಮಾತನ್ನೂ ಇಲ್ಲೇ ಆಡಬೇಕು. ವಿಂಡೋಸನ್ನು ಮೊದಲು ಇಂಗ್ಲಿಷಿನಲ್ಲಿ ಹಾಕಿ, ಆಮೇಲೆ ಅದರ ಮೇಲೊಂದು ಪದರವಾಗಿ ಕನ್ನಡವನ್ನು ಸೇರಿಸಿಕೊಳ್ಳಬಹುದು. ಡಿಸ್ಕ್ ಅಳಿಸುವ, ಪಾರ್ಟಿಷನ್ ಆರಿಸುವ, ಖಾತೆ ತೆರೆಯುವ, ಅಂದರೆ ತಪ್ಪಿದರೆ ಹಿಂತಿರುಗಲಾಗದ ಪ್ರಶ್ನೆಗಳೆಲ್ಲ ಬರುವುದು ಆ ಮೊದಲ ಹಂತದಲ್ಲಿ. ಅಲ್ಲಿ ಕನ್ನಡ ಇಲ್ಲ. ಸಂಬಳವಿಲ್ಲದ ಸ್ವಯಂಸೇವಕರು ಕಟ್ಟಿದ ಡೆಬಿಯನ್ ಎಂಬ ಲಿನಕ್ಸಿನ ಇನ್‌ಸ್ಟಾಲರಿನಲ್ಲಿ ಮೊಟ್ಟಮೊದಲ ಪರದೆಯ ಭಾಷೆಗಳ ಪಟ್ಟಿಯಲ್ಲೇ ಕನ್ನಡವಿದೆ. ಜಗತ್ತಿನ ಅತಿ ಶ್ರೀಮಂತ ಕಂಪನಿಗಳಲ್ಲಿ ಒಂದಕ್ಕೆ ಅದು ಸಾಧ್ಯವಾಗಿಲ್ಲವೆಂದರೆ ಅದು ತಾಂತ್ರಿಕ ತೊಡಕಲ್ಲ, ಆದ್ಯತೆಯ ಪ್ರಶ್ನೆ.

ಹೊಸ ವಿಂಡೋಸ್ ಹಾಕಿದ ಮೇಲೆ ಈಚೆಗೆ ಜನರನ್ನು ಎಲ್ಲಕ್ಕಿಂತ ಹೆಚ್ಚು ಗೋಳುಹೊಯ್ದುಕೊಳ್ಳುತ್ತಿರುವುದು ಬಿಟ್‌ಲಾಕರ್. ಡಿಸ್ಕಿನಲ್ಲಿರುವುದನ್ನೆಲ್ಲ ಗೂಢಲಿಪಿಗೆ ತಿರುಗಿಸಿ ಬೀಗ ಹಾಕುವ ವ್ಯವಸ್ಥೆ ಇದು. ಲ್ಯಾಪ್‌ಟಾಪ್ ಕಳುವಾದರೆ ಕಳ್ಳನಿಗೆ ನಮ್ಮ ಫೈಲುಗಳು ಸಿಗದಂತೆ ಕಾಯುತ್ತದೆ, ಅಷ್ಟರ ಮಟ್ಟಿಗೆ ಒಳ್ಳೆಯದೇ. 2024ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ, ಹೊಸದಾಗಿ ಇನ್‌ಸ್ಟಾಲ್ ಮಾಡಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೊಕ್ಕ ಬಹುತೇಕ ಯಂತ್ರಗಳಲ್ಲಿ, ಹೋಮ್ ಆವೃತ್ತಿಯಲ್ಲಿ ಕೂಡ, ಈ ಬೀಗ ತಾನಾಗಿಯೇ ಬೀಳುತ್ತದೆ. ಬೀಗದ ಕೈ 48 ಅಂಕಿಗಳ ಒಂದು ಸಂಖ್ಯೆ. ಅದು ಹೋಗಿ ಕೂರುವುದು ಆ ಖಾತೆಯಲ್ಲಿ.

ಆ ಖಾತೆ ಯಾರದು? ಅಂಗಡಿಯಲ್ಲಿ ಸೆಟಪ್ ಮಾಡುವಾಗ ಮಾಲೀಕರು ಎದುರಿಗಿಲ್ಲ. ಇದ್ದರೂ ಅವರಿಗೆ ಇಮೇಲ್ ಪಾಸ್‌ವರ್ಡ್ ನೆನಪಿಲ್ಲ. ಖಾತೆ ಇಲ್ಲದೆ ಮುಂದೆ ಹೋಗುವ ಅಡ್ಡದಾರಿಗಳನ್ನು ಮೈಕ್ರೋಸಾಫ್ಟ್ ಒಂದೊಂದಾಗಿ ಮುಚ್ಚುತ್ತ ಬಂದಿದೆ. ಹುಡುಗ ಏನು ಮಾಡಬೇಕು? ಆ ಕ್ಷಣಕ್ಕೊಂದು ಹೊಸ ಖಾತೆ ತೆರೆದು ಕೆಲಸ ಮುಗಿಸುತ್ತಾನೆ. ಮುಂದೊಂದು ದಿನ ಬಯಾಸ್ ಅಪ್‌ಡೇಟ್ ಆದಾಗಲೋ ಮದರ್‌ಬೋರ್ಡ್ ಬದಲಾದಾಗಲೋ ನೀಲಿ ಪರದೆ ಬಂದು 48 ಅಂಕಿಗಳನ್ನು ಕೇಳುತ್ತದೆ. ಆ ಖಾತೆಯ ಹೆಸರು ಅಂಗಡಿಯವನಿಗೂ ನೆನಪಿರುವುದಿಲ್ಲ. ಬೀಗದ ಕೈ ಇಲ್ಲದಿದ್ದರೆ ಆ ಫೈಲುಗಳನ್ನು ಯಾರಿಂದಲೂ ತೆಗೆಯಲಾಗದು, ಕಂಪನಿಯಿಂದಲೂ ಆಗದು. ಕಳ್ಳನಿಗೆ ಹಾಕಿದ ಬೀಗ ಮನೆಯ ಯಜಮಾನನನ್ನೇ ಹೊರಗೆ ನಿಲ್ಲಿಸುತ್ತದೆ. ನನ್ನ ಪರಿಚಯದ ಸಂಶೋಧಕಿಯೊಬ್ಬರು ಹೀಗೆಯೇ ತಮ್ಮ ಕ್ಷೇತ್ರಕಾರ್ಯದ ಧ್ವನಿಮುದ್ರಣಗಳನ್ನು ಕಳೆದುಕೊಂಡರು. ಅವುಗಳಲ್ಲಿ ಹಾಡು ಹೇಳಿದ ಅಜ್ಜಿಯರಲ್ಲಿ ಕೆಲವರು ಈಗಿಲ್ಲ. ಬೀಗ ಹಾಕುವ ಮುನ್ನ ಒಂದು ಪರದೆ ತೋರಿಸಿ, ‘ಈ ಸಂಖ್ಯೆಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ, ಇದಿಲ್ಲದೆ ನಿಮ್ಮ ಫೈಲು ಸಿಗುವುದಿಲ್ಲ’ ಎಂದು ಹೇಳಿದ್ದರೆ ಸಾಕಿತ್ತು.

ಅಪ್‌ಡೇಟುಗಳ ಮೇಲೆ ಜನರಿಗೆ ಇರುವ ಅಪನಂಬಿಕೆಯೂ ಇಂಥ ಅನುಭವಗಳಿಂದಲೇ ಹುಟ್ಟಿದ್ದು. 2018ರ ಅಕ್ಟೋಬರ್ 2ರಂದು ಬಂದ ವಿಂಡೋಸ್ 10ರ ದೊಡ್ಡ ಅಪ್‌ಡೇಟ್ ಕೆಲವರ ಡಾಕ್ಯುಮೆಂಟ್ಸ್ ಫೋಲ್ಡರಿನ ಫೈಲುಗಳನ್ನೇ ಅಳಿಸಿಹಾಕಿತು. ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿದು, ನವೆಂಬರ್ 13ರಂದು ಸರಿಪಡಿಸಿ ಮತ್ತೆ ಬಿಟ್ಟರು. ಅಪ್‌ಡೇಟ್ ಬೇಡ ಎಂದು ಆಫ್ ಮಾಡಿಟ್ಟುಕೊಂಡವರಿಗೆ ಸುರಕ್ಷತೆಯ ಉಪನ್ಯಾಸ ಕೊಡುವ ಮುನ್ನ ಇದನ್ನು ನೆನೆಯಬೇಕು.

2025ರ ಅಕ್ಟೋಬರ್ 14 ಬಂತು. ವಿಂಡೋಸ್ 10ಕ್ಕೆ ಉಚಿತ ಸುರಕ್ಷತಾ ಅಪ್‌ಡೇಟುಗಳ ಕೊನೆಯ ದಿನ. ವಿಂಡೋಸ್ 11ಕ್ಕೆ ಹೋಗಬೇಕಾದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಬೇಕು, ಸೆಕ್ಯೂರ್ ಬೂಟ್ ಬೇಕು, ಇಂಟೆಲ್ ಆದರೆ ಬಹುಮಟ್ಟಿಗೆ ಎಂಟನೇ ತಲೆಮಾರು ಅಥವಾ ಅದರ ನಂತರದ ಪ್ರೊಸೆಸರ್ ಬೇಕು. 2017ರಲ್ಲಿ ದುಡ್ಡು ಕೂಡಿಸಿ ಮಗನ ಇಂಜಿನಿಯರಿಂಗಿಗೆಂದು ತಂದ ಏಳನೇ ತಲೆಮಾರಿನ ಲ್ಯಾಪ್‌ಟಾಪ್ ಚೆನ್ನಾಗಿ ಓಡುತ್ತಿದ್ದರೂ ಪಟ್ಟಿಯಿಂದ ಹೊರಗೆ. ಹೀಗೆ ಹೊರಗುಳಿದು ಕಸವಾಗಬಹುದಾದ ಕಂಪ್ಯೂಟರುಗಳ ಸಂಖ್ಯೆ ಜಗತ್ತಿನಲ್ಲಿ 24 ಕೋಟಿ ಎಂದು ಕ್ಯಾನಲಿಸ್ ಎಂಬ ಮಾರುಕಟ್ಟೆ ಸಂಶೋಧನಾ ಸಂಸ್ಥೆ 2023ರ ಕೊನೆಯಲ್ಲೇ ಅಂದಾಜಿಸಿತ್ತು.

2025ರ ಅಕ್ಟೋಬರಿನ ಆ ಗಡುವಿನ ಹೊತ್ತಿನಲ್ಲೇ ನಡೆದ ಎರಡು ಸಂಗತಿಗಳನ್ನು ಕೇಳಿ. ವಿಂಡೋಸ್ 11ರ ಪೆನ್‌ಡ್ರೈವ್ ಮಾಡಿಕೊಳ್ಳಲು ಮೈಕ್ರೋಸಾಫ್ಟೇ ಕೊಡುವ ಸಾಧನ ವಿಂಡೋಸ್ 10 ಯಂತ್ರಗಳಲ್ಲಿ ತೆರೆದ ಕೂಡಲೇ ಮುಚ್ಚಿಕೊಳ್ಳುತ್ತಿತ್ತು. ಅದು ಸರಿಹೋದದ್ದು ಗಡುವು ಮುಗಿದ ಮೇಲೆ. ಅದೇ ತಿಂಗಳ ಅಪ್‌ಡೇಟಿನಿಂದ ವಿಂಡೋಸ್ 11ರ ದುರಸ್ತಿ ಪರದೆಯಲ್ಲಿ ಯುಎಸ್‌ಬಿ ಕೀಬೋರ್ಡು, ಮೌಸು ಎರಡೂ ಕೆಲಸ ನಿಲ್ಲಿಸಿದವು. ಕೆಟ್ಟ ಯಂತ್ರವನ್ನು ಸರಿಪಡಿಸಲೆಂದೇ ಇರುವ ಪರದೆಯಲ್ಲಿ ಒಂದು ಗುಂಡಿಯನ್ನೂ ಒತ್ತಲಾಗದ ಸ್ಥಿತಿ. ತುರ್ತು ತಿದ್ದುಪಡಿ ಬಂದದ್ದು ಅಕ್ಟೋಬರ್ 20ಕ್ಕೆ. ಗಡುವನ್ನು ಜನರಿಗೆ ಮಾತ್ರ ಹಾಕುವುದಾದರೆ ಅದು ಗಡುವಲ್ಲ, ಒತ್ತಡ.

ಇದನ್ನು ಪ್ರಶ್ನಿಸಿದವರು ಇದ್ದರು, ಪ್ರಶ್ನಿಸಿದ್ದರಿಂದ ಫಲವೂ ಸಿಕ್ಕಿತು. ಅಮೆರಿಕದ ಗ್ರಾಹಕ ಸಂಸ್ಥೆ ಕನ್ಸ್ಯೂಮರ್ ರಿಪೋರ್ಟ್ಸ್ 2025ರ ಸೆಪ್ಟೆಂಬರಿನಲ್ಲಿ ಮೈಕ್ರೋಸಾಫ್ಟ್ ಮುಖ್ಯಸ್ಥ ಸತ್ಯ ನಾಡೆಲ್ಲಾ ಅವರಿಗೆ ಪತ್ರ ಬರೆದು, ವಿಂಡೋಸ್ 10ರ ಬೆಂಬಲವನ್ನು ಉಚಿತವಾಗಿ ಮುಂದುವರಿಸಿ ಎಂದು ಒತ್ತಾಯಿಸಿತು. ನಾಡೆಲ್ಲಾ ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದಿದವರು. ನಮ್ಮ ಪಟ್ಟಣಗಳ ಅಂಗಡಿಗಳಲ್ಲಿ ಒಂದು ಯಂತ್ರ ಎಷ್ಟು ಕೈ ದಾಟಿ, ಎಷ್ಟು ವರ್ಷ ದುಡಿಯುತ್ತದೆ ಎಂಬುದು ಅವರು ಕಾಣದ್ದೇನಲ್ಲ. ಯೂರೋಪಿನಲ್ಲಿ ಯೂರೋಕನ್ಸ್ಯೂಮರ್ಸ್ ಒಕ್ಕೂಟ ಹಿಡಿದ ಪಟ್ಟಿನಿಂದಾಗಿ ಅಲ್ಲಿನ ಮನೆಬಳಕೆದಾರರಿಗೆ ಒಂದು ವರ್ಷದ ಹೆಚ್ಚುವರಿ ಅಪ್‌ಡೇಟು ಉಚಿತವಾಯಿತು. ಉಳಿದೆಡೆ, ನಮ್ಮಲ್ಲಿ ಕೂಡ, ಅದೇ ಸೌಲಭ್ಯ ಬೇಕೆಂದರೆ ಸೆಟ್ಟಿಂಗುಗಳನ್ನು ಮೈಕ್ರೋಸಾಫ್ಟ್ ಖಾತೆಗೆ ಬ್ಯಾಕಪ್ ಮಾಡಬೇಕು, ಅಥವಾ ಅವರ ರಿವಾರ್ಡ್ಸ್ ಅಂಕಗಳನ್ನು ಕೊಡಬೇಕು, ಅಥವಾ ಹಣ ಕಟ್ಟಬೇಕು. ನಮ್ಮ ಗ್ರಾಹಕ ಸಂಘಟನೆಗಳು ಅಕ್ಕಿ, ಗ್ಯಾಸು, ವಿಮೆಗಳ ವಿಷಯದಲ್ಲಿ ಮಾಡಿರುವ ಕೆಲಸ ದೊಡ್ಡದು. ತಂತ್ರಾಂಶವೂ ಅವರ ಪಟ್ಟಿಗೆ ಸೇರಬೇಕಾದ ಕಾಲ ಬಂದಿದೆ.

ಲಿನಕ್ಸ್ ಹಾಕಿಕೊಂಡರೆ ಈ ತೊಂದರೆಗಳೆಲ್ಲ ಮುಗಿಯಿತಲ್ಲ ಎಂದು ಕೇಳುವ ಗೆಳೆಯರಿದ್ದಾರೆ. ನನಗೂ ಅದರ ಮೇಲೆ ಪ್ರೀತಿಯಿದೆ. 2004ರಲ್ಲಿ ಬಂದ ಉಬುಂಟು ತನ್ನ ಸಿಡಿಗಳನ್ನು ಕೇಳಿದವರ ಮನೆಗೆ ಅಂಚೆಯಲ್ಲಿ ಪುಕ್ಕಟೆ ಕಳಿಸುತ್ತಿದ್ದ ಕಾಲವನ್ನು ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಹಳೆಯ ವಿದ್ಯಾರ್ಥಿಗಳು ಇನ್ನೂ ನೆನೆಯುತ್ತಾರೆ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಕಂಪ್ಯೂಟರ್ ಕಲಿಯುವುದೇ ಲಿನಕ್ಸಿನಲ್ಲಿ. ಕನ್ನಡದ ಮಟ್ಟಿಗೂ ಅಲ್ಲಿ ಕೊರತೆಯಿಲ್ಲ: ಕಗಪ ಕೀಲಿಮಣೆ ಜೊತೆಗೇ ಬರುತ್ತದೆ, ಗುಬ್ಬಿ, ನವಿಲು ಎಂಬ ಚಂದದ ಫಾಂಟುಗಳಿವೆ. ಹಳೆಯ ಲ್ಯಾಪ್‌ಟಾಪ್ ಅದರಲ್ಲಿ ಹಗುರಾಗಿ ಓಡುತ್ತದೆ. ಬ್ರೌಸ್ ಮಾಡುವುದು, ಪತ್ರ ಬರೆಯುವುದು, ಸಿನಿಮಾ ನೋಡುವುದು ಇಷ್ಟೇ ಬೇಕಾದವರಿಗೆ ಅದು ನಿಜಕ್ಕೂ ಒಳ್ಳೆಯ ದಾರಿ.

ಆದರೆ ದುಡಿಯುವ ಯಂತ್ರಕ್ಕೆ ಅಷ್ಟು ಸಲೀಸಿಲ್ಲ. ಟ್ಯಾಲಿಯನ್ನು ಕಟ್ಟಿದ್ದು ಬೆಂಗಳೂರಿನ ಕಂಪನಿಯೇ ಆದರೂ ಅದು ನಡೆಯುವುದು ವಿಂಡೋಸಿನಲ್ಲಿ. ಜೆರಾಕ್ಸ್ ಅಂಗಡಿಗಳಲ್ಲಿ ಎಲ್ಲೆಲ್ಲೂ ಕಾಣುವ ಕ್ಯಾನನ್ ಎಲ್‌ಬಿಪಿ 2900 ಪ್ರಿಂಟರನ್ನು ಲಿನಕ್ಸಿಗೆ ಒಗ್ಗಿಸುವುದು ತಿಳಿದವರಿಗೂ ತಲೆನೋವು, ಯಾಕೆಂದರೆ ಅದು ಕಂಪ್ಯೂಟರಿನೊಂದಿಗೆ ಮಾತಾಡುವ ವಿಧಾನವನ್ನು ಕಂಪನಿ ಬಹಿರಂಗಪಡಿಸಿಲ್ಲ. ಡಿಜಿಟಲ್ ಸಹಿಯ ಟೋಕನ್ನು, ಆಧಾರ್ ಬೆರಳಚ್ಚಿನ ಯಂತ್ರ ಒಂದೊಂದಕ್ಕೂ ಒಂದೊಂದು ಡ್ರೈವರು, ಒಂದೊಂದು ತಕರಾರು. ಎರಡೂ ಇರಲಿ ಎಂದು ವಿಂಡೋಸಿನ ಪಕ್ಕದಲ್ಲೇ ಲಿನಕ್ಸ್ ಹಾಕಿಕೊಂಡವರಲ್ಲಿ ಎಷ್ಟೋ ಮಂದಿಗೆ 2024ರ ಆಗಸ್ಟಿನ ವಿಂಡೋಸ್ ಅಪ್‌ಡೇಟ್ ಲಿನಕ್ಸನ್ನು ಶುರುವಾಗಲೇ ಬಿಡಲಿಲ್ಲ. ಉಬುಂಟು ಇನ್‌ಸ್ಟಾಲರಿನಲ್ಲಿ ‘ಡಿಸ್ಕ್ ಅಳಿಸಿ ಇನ್‌ಸ್ಟಾಲ್ ಮಾಡು’ ಎಂಬ ಆಯ್ಕೆ ಡಿ ಡ್ರೈವನ್ನೂ ಸೇರಿಸಿ ಇಡೀ ಡಿಸ್ಕನ್ನು ಅಳಿಸುತ್ತದೆ. ‘ಸಿ ಮಾತ್ರ ಹೋಗುತ್ತೆ’ ಎಂಬ ಅಭ್ಯಾಸದಲ್ಲಿ ಬಂದವರಿಗೆ ಇದು ಗೊತ್ತಿರುವುದಿಲ್ಲ. ಲಿನಕ್ಸ್ ಬಳಗ ‘ಮೊದಲು ಓದಿಕೊಂಡು ಬನ್ನಿ’ ಎಂದು ಹೊಸಬರಿಗೆ ಹೇಳುವುದನ್ನು ಬಿಟ್ಟರೆ ಅದರ ಬಾಗಿಲಿಗೆ ಇನ್ನೂ ಎಷ್ಟೋ ಜನ ಬರುತ್ತಾರೆ.

ಫೋನುಗಳ ಕಥೆ ಬೇರೆಯಲ್ಲ. 2025ರ ಜನವರಿಯಿಂದ ಆಂಡ್ರಾಯ್ಡ್ ಕಿಟ್‌ಕ್ಯಾಟ್ ಇರುವ ಫೋನುಗಳಲ್ಲಿ ವಾಟ್ಸ್ಆ್ಯಪ್ ನಿಂತಿತು. ಫೋನಿಗೆ ಹೊಸ ಓಎಸ್ ಹಾಕಿಸೋಣವೆಂದರೆ ಅಲ್ಲಿ ಅಂಗಡಿಯ ಹುಡುಗನೂ ಕೈಚೆಲ್ಲುತ್ತಾನೆ. ಫೋನ್ ಕಂಪನಿ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

ರಾಜ್ಯ ಸರ್ಕಾರ ಶಾಲೆ, ಗ್ರಂಥಾಲಯ, ಪಂಚಾಯಿತಿಗಳಿಗೆ ಕೊಳ್ಳುವ ಕಂಪ್ಯೂಟರುಗಳಿಗೆ ಟೆಂಡರಿನಲ್ಲೇ ಕೆಲವು ಷರತ್ತು ಹಾಕಬಹುದು: ಮೊದಲ ಪರದೆಯಿಂದಲೇ ಕನ್ನಡ ಇರಬೇಕು, ಡಿಸ್ಕಿನ ಬೀಗದ ಕೈಯನ್ನು ಮುದ್ರಿಸಿ ಮುಖ್ಯೋಪಾಧ್ಯಾಯರ ಕೈಗೆ ಕೊಡಬೇಕು, ಇಷ್ಟು ವರ್ಷ ಅಪ್‌ಡೇಟು ಸಿಗುತ್ತದೆಂದು ಬರಹದಲ್ಲಿ ಹೇಳಬೇಕು. ಸರ್ಕಾರದಷ್ಟು ದೊಡ್ಡ ಗಿರಾಕಿ ಕೇಳಿದರೆ ಕಂಪನಿಗಳು ಕಿವಿಗೊಡುತ್ತವೆ.

ಅಲ್ಲಿಯವರೆಗೆ ಮನೆಯಲ್ಲಿ ವಿಂಡೋಸ್ 10 ಇರುವವರು ಸೆಟ್ಟಿಂಗ್ಸ್‌ನ ಅಪ್‌ಡೇಟ್ ಪುಟದಲ್ಲಿ ಹೆಚ್ಚುವರಿ ಬೆಂಬಲಕ್ಕೆ ಹೆಸರು ನೋಂದಾಯಿಸಿಕೊಳ್ಳಿ. ಅದು 2026ರ ಅಕ್ಟೋಬರ್ 13ರವರೆಗೆ ಸಲ್ಲುತ್ತದೆ. ವಿಂಡೋಸ್ 11 ಇರುವವರು ತಮ್ಮ ಮೈಕ್ರೋಸಾಫ್ಟ್ ಖಾತೆಗೆ ಹೋಗಿ ಬಿಟ್‌ಲಾಕರಿನ 48 ಅಂಕಿಗಳನ್ನು ಕಾಗದದ ಮೇಲೆ ಬರೆದು ಮನೆಪತ್ರದ ಜೊತೆ ಇಡಿ. ಖಾತೆ ಅಂಗಡಿಯವರು ತೆರೆದದ್ದಾದರೆ ಇವತ್ತೇ ಅವರನ್ನು ಕೇಳಿ. ಲಿನಕ್ಸ್ ನೋಡಬೇಕೆನಿಸಿದರೆ ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವಿನಿಂದಲೇ ನಡೆಸಿ, ನಿಮ್ಮ ಪ್ರಿಂಟರು, ವೈಫೈ, ಸದ್ದು ಮೂರೂ ಬರುತ್ತವೆಯೇ ಎಂದು ಪರೀಕ್ಷಿಸಿ. ಡಿಟಿಪಿ ಅಂಗಡಿಯವರು ವಿಂಡೋಸಿನ ಫಾಂಟ್ಸ್ ಫೋಲ್ಡರನ್ನು ಇಡಿಯಾಗಿ ನಕಲು ಮಾಡಿಟ್ಟುಕೊಳ್ಳಿ; ಹಳೆಯ ನುಡಿ ಫೈಲುಗಳನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ, ಬಿಡುವಿದ್ದಾಗ ಒಂದೊಂದಾಗಿ ತಿರುಗಿಸಿ. ಯಂತ್ರವನ್ನು ಅಂಗಡಿಗೆ ಒಯ್ಯುವ ಮುನ್ನ ಡೆಸ್ಕ್‌ಟಾಪ್, ಡೌನ್‌ಲೋಡ್ಸ್, ಡಾಕ್ಯುಮೆಂಟ್ಸ್ ಮತ್ತು ಟ್ಯಾಲಿಯ ಡೇಟಾ ಫೋಲ್ಡರನ್ನು ಹೊರಗಿನ ಡಿಸ್ಕಿಗೆ ಹಾಕಿಕೊಳ್ಳಿ. ಆಮೇಲೆ ಆ ಡಿಸ್ಕನ್ನು ಇನ್ನೊಂದು ಕಂಪ್ಯೂಟರಿಗೆ ಚುಚ್ಚಿ, ಫೈಲುಗಳು ತೆರೆಯುತ್ತವೆಯೇ ಎಂದು ನೋಡಿ.